ಅವರ ಬಿಳಿ ಡಬ್ಬಿ, ನಮ್ಮ ಕರಿ ಫೋನು

ನನ್ನ ಆಯುಷ್ಯದಲ್ಲಿ ನಾನು ಗೆದ್ದ ಜಗಳಗಳನ್ನು ಎಣಿಸಲು ಕೂತರೆ ಒಂದು ಕೈಯ ಬೆರಳುಗಳೂ ಹೆಚ್ಚಾಗುತ್ತವೆ. ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಹಿಡಿದ ಸೀಟನ್ನು, ಟವೆಲ್ಲಿನ ಸಮೇತ, ಇನ್ನೊಬ್ಬರಿಗೆ ಬಿಟ್ಟುಕೊಟ್ಟು ನಿಂತು ಹೋದವನು ನಾನು. ಸಂತೆಯಲ್ಲಿ ಲಿಂಬೆಹಣ್ಣು ಮಾರುವ ಮುದುಕಿಯ ಜೊತೆ ಚೌಕಾಸಿಗೆ ಇಳಿದು, ಅವಳ ಮೊಣಕಾಲು ನೋವಿನ ಕಥೆ ಕೇಳಿ, ಹೇಳಿದ ದರಕ್ಕೇ ಹಣ್ಣು ಕೊಂಡು, ಮುಂದಿನ ವಾರ ಮುಲಾಮು ತಂದುಕೊಡುವುದಾಗಿ ಮಾತನ್ನೂ ಕೊಟ್ಟು ಬಂದಿದ್ದೇನೆ. ಮನೆಯೊಳಗಿನ ಜಗಳಗಳ ವಿಷಯ ಇಲ್ಲಿ ಬೇಡ. ಇದನ್ನು ಮನೆಯವರೂ ಓದುತ್ತಾರೆ. ಇಂಥ ನಾನು ಹೋದ ತಿಂಗಳು ಒಂದು ದೊಡ್ಡ ಕಂಪನಿಯ ಜೊತೆ ಜಗಳಕ್ಕೆ ನಿಂತು ಗೆದ್ದುಬಿಟ್ಟೆ. ಗೆದ್ದ ಮೇಲೆ ಸುಮ್ಮನಿರುವುದು ದೊಡ್ಡವರ ಲಕ್ಷಣವಂತೆ. ನಾನು ಅಷ್ಟು ದೊಡ್ಡವನಲ್ಲ. ಆಫೀಸಿನಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿಯಾಯಿತು. ಕಟಿಂಗ್ ಅಂಗಡಿಯವನಿಗೆ ಹೇಳತೊಡಗಿದೆ. ಅವನು ಆ ದಿನ ನನ್ನ ತಲೆಯನ್ನು ಎಂದೂ ಇಲ್ಲದ ವೇಗದಲ್ಲಿ ಮುಗಿಸಿ ಕಳಿಸಿದ. ಈಗ ನನ್ನನ್ನು ದೂರದಿಂದ ಕಂಡರೇ ಜನ ಗಡಿಯಾರ ನೋಡಿಕೊಳ್ಳುತ್ತಾರೆ. ಉಳಿದವರು ನೀವೊಬ್ಬರೇ.

ಜಗಳದ ಮೂಲ ನಮ್ಮ ಮನೆಯ ಕರಿ ಫೋನು. ನಮ್ಮಪ್ಪ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಇಂಡಿಯ ನಮ್ಮ ಓಣಿಗೇ ಮೊದಲನೆಯದಾಗಿ ತಂದ ಸಂಪರ್ಕ. ಮೊದಲು ಬಂದದ್ದು ಬೆರಳಿಟ್ಟು ತಿರುಗಿಸುವ ಫೋನು. ಅದು ಕೆಟ್ಟ ಮೇಲೆ ಅಪ್ಪ ತಾನೇ ಸೊಲ್ಲಾಪುರಕ್ಕೆ ಹೋಗಿ ಗುಂಡಿ ಒತ್ತುವ ಇನ್ನೊಂದನ್ನು ಆರಿಸಿ ತಂದ. ಅಂಗಡಿಯಲ್ಲಿ ಹಗುರವಾದ ಬಣ್ಣ ಬಣ್ಣದ ಫೋನುಗಳಿದ್ದರೂ, ಕೊಟ್ಟ ದುಡ್ಡಿಗೆ ತೂಕ ಬೇಕು ಎಂಬುದು ಅಪ್ಪನ ಸಿದ್ಧಾಂತವಾಗಿತ್ತು. ಆ ಫೋನು ಅಪ್ಪ ಬಯಸಿದಷ್ಟು ತೂಕದ್ದು. ಅದರ ಗಂಟೆ ಬಾರಿಸಿದರೆ ಓಣಿಯ ಕೊನೆಯ ಮನೆಯ ಎಮ್ಮೆ ಮೇವು ಬಿಟ್ಟು ತಲೆ ಎತ್ತುತ್ತಿತ್ತು. ನಮ್ಮ ಓಣಿಯಲ್ಲಿ ಎಷ್ಟೋ ಮದುವೆಗಳು ಆ ಫೋನಿನಲ್ಲಿ ಕುದುರಿವೆ. ಒಂದೆರಡು ಮುರಿದದ್ದೂ ಅದರಲ್ಲೇ. ಅಪ್ಪ ತೀರಿಹೋಗಿ ಬಹಳ ವರ್ಷಗಳಾದವು. ಅವ್ವ ಈಗಲೂ ದಿನಾ ಬೆಳಿಗ್ಗೆ ಸೆರಗಿನಿಂದ ಆ ಫೋನನ್ನು ಒರೆಸುತ್ತಾಳೆ.

ಅವ್ವನಿಗೆ ಎಂಬತ್ತರ ಹತ್ತಿರ. ಕಿವಿ ಮಂದ. ನಾವು ಮಾತಾಡಿದರೆ ಅರ್ಧ ಕೇಳಿಸುತ್ತದೆ. ಯಾವ ಅರ್ಧ ಎಂಬುದನ್ನು ಅವಳೇ ತೀರ್ಮಾನಿಸುತ್ತಾಳೆ. ಆದರೆ ಆ ಕರಿ ಫೋನಿನ ರಿಸೀವರು ಕಿವಿಗಿಟ್ಟರೆ ಮಾತ್ರ ಎಲ್ಲವೂ ಕೇಳಿಸುತ್ತಿತ್ತು. ನಾಲತವಾಡದಲ್ಲಿ ಅವಳ ತಂಗಿ ಇದ್ದಾಳೆ, ನನ್ನ ಚಿಗವ್ವ. ದಿನಾ ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಚಿಗವ್ವನ ಫೋನು. ಏನು ಪಲ್ಯ ಮಾಡಿದ್ದಿ ಎಂದು ಆಕೆ ಕೇಳಬೇಕು, ಈಕೆ ಹೇಳಬೇಕು. ಅದಕ್ಕೆ ಉಪ್ಪು ಹೆಚ್ಚಾಗಿತ್ತೋ ಕಡಿಮೆಯೋ ಎಂಬ ವಿಚಾರಣೆ. ಆಮೇಲೆ ನಲವತ್ತು ವರ್ಷದ ಹಿಂದೆ ತವರುಮನೆಯಲ್ಲಿ ಯಾರೋ ಮಾಡಿದ ಹೋಳಿಗೆಯ ನೆನಪು. ಅರ್ಧ ಗಂಟೆ ಇಷ್ಟೇ. ನಾನು ಎಷ್ಟೋ ಸಲ ನಕ್ಕಿದ್ದೇನೆ, ನಿನ್ನೆಯದೇ ಮಾತು ಇವತ್ತೂ ಆಡುತ್ತೀರಲ್ಲ ಎಂದು. ಆದರೆ ಅವ್ವನ ದಿನ ನಿಂತದ್ದೇ ಆ ಅರ್ಧ ಗಂಟೆಯ ಮೇಲೆ ಎಂಬುದು ಅದು ನಿಂತುಹೋದ ಮೇಲೆ ಗೊತ್ತಾಯಿತು.

ನಿಂತದ್ದು ಹೀಗೆ. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ನೆಲದೊಳಗಿನ ಹಳೆಯ ಕೇಬಲ್ಲನ್ನು ಬೇರುಸಮೇತ ಕಿತ್ತು ಹಾಕಿತು. ಅದನ್ನು ಮತ್ತೆ ಕೂಡಿಸುವವರು ಯಾರೂ ಇರಲಿಲ್ಲ. ಆಗಲೇ ಆ ಹೊಸ ಕಂಪನಿಯವರು ಬಂದರು. ಹೆಸರು ಹೇಳುವುದಿಲ್ಲ, ಗೆದ್ದವನಿಗೆ ಅಷ್ಟಾದರೂ ಔದಾರ್ಯ ಇರಬೇಕು. ಇಂಟರ್‌ನೆಟ್ಟಿನ ತಂತಿಯೊಳಗೇ ಫೋನೂ ಬರುತ್ತದೆ, ನಂಬರು ಹಳೆಯದೇ ಉಳಿಯುತ್ತದೆ ಎಂದರು. ಗೋಡೆಗೆ ಒಂದು ಬಿಳಿ ಡಬ್ಬಿ ಕೂಡಿಸಿದರು. ಅದರ ಜೊತೆ ತಂತಿಯಿಲ್ಲದ ಒಂದು ಬಿಳಿ ಫೋನು, ಸಾಬೂನಿನಷ್ಟು ಹಗುರ. ಅವ್ವ ಹೊಸ ಡಬ್ಬಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಕಾಯಿ ಒಡೆದಳು. ನಮ್ಮಲ್ಲಿ ಹೊಲ ಉಳುವ ಟ್ರ್ಯಾಕ್ಟರಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಯಾವ ಯಂತ್ರವೂ ಕುಂಕುಮ ಕಾಣದೆ ಕೆಲಸ ಶುರು ಮಾಡುವುದಿಲ್ಲ. ಡಬ್ಬಿಯೇನು ಮೇಲಿನಿಂದ ಇಳಿದು ಬಂದದ್ದೇ? ನಾನು ಕರಿ ಫೋನಿನ ವಾಯರು ಹಿಡಿದು ಮುಂದೆ ಬಂದೆ. ಡಬ್ಬಿಯ ಹಿಂದೆ ಅದರ ಪಿನ್ನಿಗೆ ಸರಿಯಾಗಿ ಹೊಂದುವ ತೂತು ಇರುವುದನ್ನು ಆಗಲೇ ನೋಡಿಕೊಂಡಿದ್ದೆ.

“ಅದು ಬರೂದಿಲ್ರಿ,” ಎಂದ ಡಬ್ಬಿ ಕೂಡಿಸಲು ಬಂದವನು.

“ಯಾಕ ಬರೂದಿಲ್ಲ? ತೂತು ಐತಿ, ಪಿನ್ನು ಐತಿ.”

“ತೂತು ಐತಿ ಖರೆ. ಆದ್ರ ಮ್ಯಾಲಿನವ್ರು ಮುಚ್ಯಾರ್ರಿ. ನಮ್ಮ ಡಬ್ಬಿಗೆ ನಮ್ಮ ಫೋನೇ ಹಚ್ಚಬೇಕು. ಮನಿಯವ್ರು ತಮ್ಮ ಫೋನು ಹಚ್ಚಂಗಿಲ್ಲ.”

“ಮುಚ್ಚಿದ್ದು ಕಾಣೂದಿಲ್ಲಲ್ಲೋ ಮಾರಾಯಾ, ನನ್ನ ಬೆರಳ ತುದಿ ಒಳಗ ಹೋಗಾಕತ್ತೈತಿ.”

“ಸಾಫ್ಟ್‌ವೇರಿನ್ಯಾಗ ಮುಚ್ಯಾರ್ರಿ,” ಎಂದು ಅವನು ಚೀಲ ಹೆಗಲಿಗೇರಿಸಿದ.

ಕಣ್ಣಿಗೆ ತೆರೆದೇ ಕಾಣುವ ತೂತನ್ನು ಎಲ್ಲಿಯೋ ಕೂತು ಮುಚ್ಚುವ ವಿದ್ಯೆಗೆ ನಾನು ಬೆರಗಾದೆ. ಸರಕಾರಿ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿರುವ ನನಗೇ ಇಂಥದ್ದೊಂದು ಹೊಳೆದಿರಲಿಲ್ಲ. ನನ್ನ ಹೆಂಡತಿ ಕಸ್ತೂರಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಇರ್ಲಿ ಬಿಡ್ರಿ, ಒಬ್ಬೊಬ್ಬರ ಮನಿ ಪದ್ಧತಿ ಇರತಾವ,” ಎಂದು ಒಂಥರಾ ನಕ್ಕಳು. ಆ ನಗೆಯನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕರಿ ಫೋನನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಅಲ್ಲಿ ಗೋಣಿತಾಟು ಸುತ್ತಿದ ದುಂಡಗಿನ ವಸ್ತುವೊಂದಿತ್ತು. ಅದನ್ನು ಸರಿಸಿ ಜಾಗ ಮಾಡಬೇಕಾಯಿತು. ಕಸ್ತೂರಿ ಬಸವನ ಬಾಗೇವಾಡಿಯ ತವರಿನಿಂದ ತಂದ ರೊಟ್ಟಿ ಹಂಚು ಅದು. ಅದು ಅಲ್ಲಿಗೆ ಹೇಗೆ ಬಂತು ಎಂಬ ಕಥೆ ಬೇರೆ, ಈಗ ಬೇಡ.

ಹೊಸ ಫೋನಿಗೆ ಗಂಟೆ ಇರಲಿಲ್ಲ. ಅದು ಚಿಲಿಪಿಲಿ ಎನ್ನುತ್ತಿತ್ತು. ಮರುದಿನ ನಾಲ್ಕಕ್ಕೆ ಸರಿಯಾಗಿ ಅದು ಚಿಲಿಪಿಲಿ ಎಂದಿತು. ಅವ್ವ ಅಂಗಳದಲ್ಲಿ ಜೋಳ ಒಣಹಾಕಿ, ಕೋಲು ಹಿಡಿದು ಕೂತಿದ್ದಳು. “ಹುಶ್! ಹುಶ್! ಬಂದ್ವು ನೋಡ ಗುಬ್ಬಿ!” ಎಂದು ಕೋಲು ಬೀಸಿದಳು. ಫೋನು ಸುಮ್ಮನಾಯಿತು. ಗುಬ್ಬಿ ಓಡಿದವು ಎಂದು ಅವ್ವ ನಿಶ್ಚಿಂತಳಾದಳು. ಐದು ದಿನ ಹೀಗೇ ನಡೆಯಿತು. ದಿನಾ ನಾಲ್ಕಕ್ಕೆ ಚಿಗವ್ವ ಫೋನು ಮಾಡುವುದು, ಅವ್ವ ಹುಶ್ ಎನ್ನುವುದು. ನಾನು ಆಫೀಸಿನಲ್ಲಿ, ಕಸ್ತೂರಿ ಆ ಹೊತ್ತಿಗೆ ಹಿಂದಿನ ಓಣಿಯ ಹೊಲಿಗೆ ಕ್ಲಾಸಿನಲ್ಲಿ. ಚಿಗವ್ವನ ಫೋನೇ ಇಲ್ಲವೆಂದು ಅವ್ವ ಗೊಣಗಿದ್ದಕ್ಕೆ, ಆರನೆಯ ದಿನ ನಾನು ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದು ಫೋನೆತ್ತಿ ಅವ್ವನ ಕೈಗೆ ಕೊಟ್ಟೆ. ಅವ್ವ ಅದನ್ನು ತಲೆಕೆಳಗಾಗಿ ಹಿಡಿದಳು. ತಿರುಗಿಸಿ ಕೊಟ್ಟೆ. “ಏನೂ ಕೇಳವಲ್ದೋ ತಮ್ಮಾ, ಗಾಳಿ ಬೀಸಿದಂಗ ಆಕ್ಕೈತಿ,” ಎಂದು ಸ್ವಲ್ಪ ಹೊತ್ತು ಕಾದು, ಮಾತು ಮುಗಿದಿರಬೇಕೆಂದುಕೊಂಡು, “ಆತು, ಇಡು ಹಂಗಾರ,” ಎಂದು ಗಟ್ಟಿಯಾಗಿ ಹೇಳಿ ಫೋನನ್ನು ನನ್ನ ಕೈಗೇ ಕೊಟ್ಟಳು.

ಆ ಕಡೆ ಚಿಗವ್ವ ಅಳುತ್ತಿದ್ದಳು. ನೆಂಟರ ಮದುವೆಯೊಂದರಲ್ಲಿ ತಾನು ಅಕ್ಕನಿಗೆ ಉಡುಗೊರೆ ಕೊಟ್ಟ ಆಯೇರಿ ಸೀರೆ ಅವಳಿಗೆ ಹಿಡಿಸಿಲ್ಲವೆಂಬ ಕೊರಗು ಆಕೆಗೆ ಮೊದಲಿನಿಂದ ಇತ್ತಂತೆ. ಈಗ ಐದು ದಿನ ಫೋನು ಎತ್ತದೆ, ಎತ್ತಿದ ದಿನ ಇಡು ಎಂದುಬಿಟ್ಟಳಲ್ಲ! “ತಿಳೀತೋ ತಮ್ಮಾ. ಸೀರಿ ಸಲುವಾಗಿ ಒಡಹುಟ್ಟಿದಾಕಿನ್ನ ಬಿಟ್ಲು. ಇನ್ನ ನಾ ಇಂಡಿ ಕಡೆ ಕಾಲು ಇಡೂದಿಲ್ಲ,” ಎಂದಳು. ನಾನು ಡಬ್ಬಿ, ತೂತು, ಸಾಫ್ಟ್‌ವೇರು ಎಂದು ವಿವರಿಸಹೋದೆ. ತಪ್ಪು ಮುಚ್ಚಲು ಮಗ ಏನೇನೋ ಹೇಳುತ್ತಿದ್ದಾನೆ ಎಂದು ಅವಳ ಸಂಶಯ ಗಟ್ಟಿಯಾಯಿತು. ಮರುದಿನದಿಂದ ನಾಲ್ಕರ ಫೋನು ಬರಲಿಲ್ಲ. ಮೊಬೈಲು ಕೊಟ್ಟು ನೋಡಿದೆ. ಅದರಲ್ಲಿ ಅವ್ವನಿಗೆ ಕೇಳಿಸುವುದು ಹಾಗಿರಲಿ, ಅರವತ್ತು ವರ್ಷ ರೊಟ್ಟಿ ಬಡಿದ ಬೆರಳನ್ನು ಆ ಗಾಜು ಬೆರಳೆಂದೇ ಒಪ್ಪಲಿಲ್ಲ.

ನಾನು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಮತ್ತೆ ಒಂದು ಒತ್ತಿ, ಕೊನೆಗೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಪಠ್ಯಪುಸ್ತಕದಂಥ ಕನ್ನಡ. “ತಮ್ಮ ಅನಾನುಕೂಲತೆಗೆ ವಿಷಾದಿಸುತ್ತೇವೆ ಸರ್. ಗ್ರಾಹಕರ ಸ್ವಂತ ಉಪಕರಣ ಬಳಸಲು ನಮ್ಮ ನೀತಿಯಲ್ಲಿ ಅವಕಾಶವಿರುವುದಿಲ್ಲ.” ಎಷ್ಟು ಮೆತ್ತಗೆ ಇಲ್ಲ ಎಂದಳೆಂದರೆ, ಫೋನಿಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಆಕೆಗೆ ಧನ್ಯವಾದ ಹೇಳುತ್ತಿದ್ದೆ. ಬೆನ್ನ ಹಿಂದೆಯೇ ಮೊಬೈಲಿಗೆ ಸಂದೇಶ ಬಂತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲಿ ಬೆರಳು ತಪ್ಪಿ ಐದು ನಕ್ಷತ್ರ ಒತ್ತಿಬಿಟ್ಟೆ.

ಕಂಪನಿಯ ಸ್ಥಳೀಯ ಆಫೀಸು ಬಸ್‌ಸ್ಟ್ಯಾಂಡಿನ ಹತ್ತಿರ. ಅದನ್ನು ನಡೆಸುವವರು ಸೈಫನ್‌ಸಾಬ್ ಎಂಬ ನಮ್ಮ ವಾರಗೆಯವರು. ಮೊದಲು ಅದೇ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ನಾನು ಕರಿ ಫೋನನ್ನು ಅಟ್ಟದಿಂದ ಇಳಿಸಿ, ಸಂತೆಯ ಚೀಲದಲ್ಲಿಟ್ಟುಕೊಂಡು ಹೋಗಿ ಅವರ ಮೇಜಿನ ಮೇಲೆ ಇಳಿಸಿದೆ. ಮೇಜು ಸಣ್ಣಗೆ ನರಳಿತು. ಸೈಫನ್‌ಸಾಬರ ಕಣ್ಣು ಅರಳಿದವು. ರಿಸೀವರೆತ್ತಿ, ತೂಕ ನೋಡಿ, ಕಿವಿಗಿಟ್ಟು, ಮತ್ತೆ ಇಟ್ಟು, ಅಂಗೈಯಿಂದ ಸವರಿದರು.

“ಎಂಥಾ ಮಾಲ್ರಿ ಸರ ಇದು! ಈಗ ಇಂಥಾವು ಎಲ್ಲಿ ಬರ್ತಾವ?”

“ಹಂಗಾರ ಹಚ್ಚಿ ಕೊಡ್ರಿ ಸೈಫನ್‌ಸಾಬ್ರ.”

“ಹಚ್ಚಾಕ ಕೈ ತುರಸಾಕತ್ತಾವ್ರಿ. ಆದ್ರ ಆ ತೂತಿನ ಚಾವಿ ನನ್ನ ಕಡೆ ಇಲ್ಲ. ಮ್ಯಾಲಿನವ್ರು ತಗೀಬೇಕು.”

ಮೇಲಿನವರು ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನೊಳಗಿನ ಗುಮಾಸ್ತ ಎದ್ದು ಕೂತ. ಮೇಲಿನವರಿದ್ದಾರೆ ಎಂದ ಮೇಲೆ ಅರ್ಜಿ ಇರಲೇಬೇಕು. ಅಲ್ಲಿಯೇ ಕೂತು ಬರೆದೆ. ವಿಷಯ: ಸ್ವಂತ ದೂರವಾಣಿ ಉಪಕರಣವನ್ನು ತಮ್ಮ ಪೆಟ್ಟಿಗೆಗೆ ಜೋಡಿಸಲು ಅನುಮತಿ ಕೋರಿ. ಉಲ್ಲೇಖ: ನಮ್ಮ ತಾಯಿಯವರ ಮೌಖಿಕ ಆದೇಶ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮುಟ್ಟಿದ್ದಕ್ಕೆ ಸಹಿ ಮತ್ತು ಆಫೀಸಿನ ಮೊಹರು, ಅಂದರೆ ಶಿಕ್ಕೆ, ಕೇಳಿದೆ. ಅವರಲ್ಲಿ ಶಿಕ್ಕೆ ಇರಲಿಲ್ಲ. ಬಂದ ಕಾಗದ ದಾಖಲಿಸುವ ವಹಿಯೂ ಇರಲಿಲ್ಲ. ಒಂದು ಆಫೀಸು ಎಂದು ಬೋರ್ಡು ಹಾಕಿಕೊಂಡು ಆವಕ ವಹಿ ಇಲ್ಲದೆ ಜನ ಹೇಗೆ ಬದುಕುತ್ತಾರೋ ನನಗೆ ತಿಳಿಯದು. ಹೊರಗೆ ಹೋಗಿ ಒಂದು ನೋಟ್‌ಬುಕ್ಕು ತಂದು, ಸ್ಕೇಲಿನಿಂದ ಗೆರೆ ಹೊಡೆದು, ಐದು ಕಾಲಂ ಮಾಡಿ, ನನ್ನ ಅರ್ಜಿಯನ್ನು ಒಂದನೆಯ ನಂಬರಿಗೆ ನಾನೇ ದಾಖಲಿಸಿ, ಸೈಫನ್‌ಸಾಬರಿಂದ ಸಹಿ ಮಾಡಿಸಿಕೊಂಡೆ. ಅವರು ನನ್ನ ಕೈಬರಹ ಚೆನ್ನಾಗಿದೆ ಎಂದರು. ಇಷ್ಟಾದರೆ ಅರ್ಧ ಗೆದ್ದಂತೆ ಎಂದು ಮನೆಗೆ ಬಂದು ಕರಿ ಫೋನನ್ನು ಮತ್ತೆ ಅಟ್ಟಕ್ಕೆ ಏರಿಸಿದೆ.

ನಾಲ್ಕು ದಿನ ಬಿಟ್ಟು ಮೇಲಿನಿಂದ ಡಬ್ಬಿಯ ಫೋಟೋ ಕೇಳಿದರು. ಸೈಫನ್‌ಸಾಬರೇ ಬಂದು ತೆಗೆದುಕೊಂಡು ಹೋಗಿ ಕಳಿಸಿದರು. ಮರುದಿನ ಅವರು ನನ್ನನ್ನು ಕರೆಸಿ, ಮುಖ ಸಣ್ಣದು ಮಾಡಿಕೊಂಡು, ಬಂದ ಉತ್ತರವನ್ನು ಓದಿ ಹೇಳಿದರು. ಡಬ್ಬಿಯ ಮೇಲೆ ಕೆಂಪು ಮತ್ತು ಬಿಳಿ ಬಣ್ಣದ ಗುರುತಿಸಲಾಗದ ವಸ್ತು ಇದೆ; ಅದರ ಕೆಳಗೆ ನಂಬರು ಕಾಣುತ್ತಿಲ್ಲ; ಗ್ರಾಹಕರು ಕಂಪನಿಯ ಉಪಕರಣವನ್ನು ಅನಧಿಕೃತವಾಗಿ ಬದಲಾಯಿಸಿದ್ದಾರೆ. ಫೋನು ಹಚ್ಚುವ ಮಾತು ಒತ್ತಟ್ಟಿಗಿರಲಿ, ಇಂಥವರ ಸಂಪರ್ಕವನ್ನೇ ಯಾಕೆ ಕಡಿಯಬಾರದು? ಕಡಿದರೆ ನಂಬರೂ ಹೋಗುತ್ತದೆ. ಚಿಗವ್ವನಿಗೆ ಬಾಯಿಪಾಠ ಇರುವ ನಂಬರು ಭೂಮಿಯ ಮೇಲೆ ಅದೊಂದೇ.

ಆ ದಿನ ಬೇಗ ಮನೆಗೆ ಬಂದೆ. ಮೂರೂವರೆ ಆಗಿತ್ತು. ಅವ್ವ ಬಿಳಿ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ಯಾವ ಊರಿಗೆ ಹೊರಟೆ ಎಂದು ಕೂಗಿ ಕೇಳಿದೆ. “ಎಲ್ಲಿಗೂ ಇಲ್ಲೋ. ಅಕಿ ಕೊಟ್ಟ ಸೀರಿ ಉಟ್ಟರ ಅಕೀಗೆ ನೆನಪಾಗಿ ಫೋನು ಮಾಡ್ಯಾಳು ಅಂತ,” ಎಂದಳು. ದಿನಾ ಹೀಗೆ ಉಟ್ಟು ಕೂರುತ್ತಿದ್ದಳೆಂದು ಕಸ್ತೂರಿ ಆಮೇಲೆ ಹೇಳಿದಳು. ಇಷ್ಟು ದಿನ ನಾನು ಜಗಳವನ್ನು ಮೋಜಿಗೆ ಮಾಡುತ್ತಿದ್ದೆನೇ ಎಂದು ನಾಚಿಕೆಯಾಯಿತು.

ಆಗ ನೆನಪಾದವರು ಸಿಂದಗಿಯ ದೇಸಾಯರು. ನಾನು ನೌಕರಿಗೆ ಹೊಸದಾಗಿ ಸೇರಿದಾಗ ಸಿಂದಗಿ ಆಫೀಸಿನಲ್ಲಿ ಹಿರಿಯ ಗುಮಾಸ್ತರಾಗಿದ್ದವರು. ಕೋಟಿನ ಜೇಬಿನಲ್ಲಿ ಅಡಿಕೆಪುಡಿ, ಕಿವಿಯ ಮೇಲೆ ಪೆನ್ನು. ಅವರು ನನಗೆ ಟಿಪ್ಪಣಿ ಬರೆಯಲು ಕಲಿಸಿದರು, ಕಡತ ಕಟ್ಟಲು ಕಲಿಸಿದರು, ಸಾಹೇಬರು ಸಿಟ್ಟಿಗೆದ್ದಾಗ ಕಡತದ ದಾರ ಬಿಚ್ಚುತ್ತ ಕಾಲ ಕಳೆಯಲು ಕಲಿಸಿದರು. ಒಂದು ದಿನ ಹೇಳಿದ್ದರು: “ನೋಡೋ, ಬಾಯಿಲೆ ಇಲ್ಲ ಅನ್ನಾಕ ಯಾರಿಗೂ ಅಂಜಿಕಿ ಇಲ್ಲ. ಕೆಳಗ ಸಹಿ ಹಾಕಿ ಇಲ್ಲ ಅಂತ ಬರಿ ಅಂದ್ರ ಎಂಥಾ ಸಾಹೇಬರಿಗೂ ಕೈ ನಡಗತೈತಿ. ಯಾರರ ನಿನಗ ಆಗೂದಿಲ್ಲ ಅಂದ್ರ, ಜಗಳ ಮಾಡಬ್ಯಾಡ. ಬರದು ಕೊಡ್ರಿ ಅನ್ನು, ಸುಮ್ಮನ ಕುಂದ್ರು.” ಮೂವತ್ತು ವರ್ಷದಲ್ಲಿ ಈ ಮಂತ್ರವನ್ನು ಜನ ನನ್ನ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದಾರೆ, ನನ್ನ ಕೈಯೂ ನಡುಗಿದೆ. ನಾನು ಇನ್ನೊಬ್ಬರ ಮೇಲೆ ಪ್ರಯೋಗಿಸುವ ಸಂದರ್ಭ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೈಫನ್‌ಸಾಬರ ಆಫೀಸಿಗೆ ಹೋದೆ. ಬಿಲ್ಲು ಕಟ್ಟಲು, ದೂರು ಹೇಳಲು ಬಂದ ಏಳೆಂಟು ಜನ ಇದ್ದರು. ಮೇಲಿನವರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಡಿರಿ ಎಂದೆ. ಮೇಲಿನ ಸಾಹೇಬರು ಯಾವುದೋ ದೊಡ್ಡ ಊರಿನಿಂದ, ತಣ್ಣಗಿನ ಕೋಣೆಯಿಂದ ಮಾತಾಡುತ್ತಿದ್ದಂತಿತ್ತು. “ಹೇಳಿದೀವಲ್ಲ ಸರ್, ಆಗಲ್ಲ.”

“ಆಗೂದಿಲ್ಲ ಅಂದ್ರಿ, ನಾ ಒಪ್ಪಿದೆ ಸಾಹೇಬ್ರ,” ಎಂದೆ. “ನನ್ನ ತಕರಾರು ಏನೂ ಇಲ್ಲ. ಅಷ್ಟು ಬರದು ಕೊಡ್ರಿ.”

“ಏನಂತ ಬರೀಬೇಕು?”

“ನಾ ಹೇಳ್ತೇನಿ, ನೀವು ಬರಕೊಳ್ರಿ. ಒಂದನೇದು, ಡಬ್ಬಿಗೆ ಫೋನು ಹಚ್ಚೂ ತೂತು ನಾವೇ ಇಟ್ಟೇವಿ, ಗಿರಾಕಿ ತನ್ನ ಫೋನು ಹಚ್ಚಬಾರದು ಅಂತ ನಾವೇ ಮುಚ್ಚೇವಿ. ಎರಡನೇದು, ಡಬ್ಬಿಗೆ ವಿಭೂತಿ ಕುಂಕುಮ ಹಚ್ಚಿದ್ದು ಅಪರಾಧ ಐತಿ, ಅದಕ್ಕ ಲೈನು ಕಡೀತೇವಿ. ಮೂರನೇದು, ಎಂಬತ್ತು ವರ್ಷದ ಹೆಣ್ಮಗಳು ತನ್ನ ತಂಗಿ ಜೋಡಿ ಮಾತಾಡೂದು ನಮ್ಮ ನಿಯಮದಾಗ ಕೂಡೂದಿಲ್ಲ. ಕೆಳಗ ನಿಮ್ಮ ಹೆಸರು, ಸಹಿ, ತಾರೀಖು. ಶಿಕ್ಕಾ ಇಲ್ಲಿ ಇಲ್ಲ, ನಿಮ್ಮ ಕಡೆ ಇದ್ರ ಹೊಡೀರಿ.”

ತಣ್ಣಗಿನ ಕೋಣೆಯ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತಿತ್ತು. ಕೊನೆಗೆ, “ಸರ್, ಆ ಕುಂಕುಮದ್ದೆಲ್ಲ ಬರೆಯೋಕಾಗಲ್ಲ,” ಎಂದರು.

“ಯಾಕ ಆಗೂದಿಲ್ರಿ? ಕೆಂಪು ವಸ್ತು ಅಂತ ನೀವೇ ಬರದೀರಿ. ಇನ್ನ ಅದರ ಜೋಡಿ ನಾನೂ ಒಂದು ಫೋಟೋ ಲಗತ್ತಿಸಿ ಕೊಡ್ತೇನಿ.” ನಾನು ಸೈಫನ್‌ಸಾಬರ ಬೆನ್ನ ಹಿಂದೆ ಕೈ ಮಾಡಿದೆ. ಅಲ್ಲಿ ಊರಿನ ಅರ್ಧಕ್ಕೆ ಇಂಟರ್‌ನೆಟ್ಟು ಹಂಚುವ ಅವರ ಯಂತ್ರದ ಕಪಾಟು, ಹಸಿರು ದೀಪ ಮಿನುಗಿಸುತ್ತ ನಿಂತಿತ್ತು. ಅದರ ಹಣೆಗೆ ದಸರೆಯಲ್ಲಿ ಹಚ್ಚಿದ ಅಂಗೈಯಗಲದ ಕುಂಕುಮ; ಕೆಳಗೆ ದಾರದಲ್ಲಿ ಏಳು ಮೆಣಸಿನಕಾಯಿ, ಒಂದು ಇಂಡಿಯ ಲಿಂಬೆಹಣ್ಣು. ಬಿಲ್ಲು ಕಟ್ಟಲು ಬಂದವರೆಲ್ಲ ಒಮ್ಮೆಲೇ ನಕ್ಕರು. ಸೈಫನ್‌ಸಾಬರು ಫೋನಿನ ಹತ್ತಿರ ಬಾಗಿ, “ಸಾಹೇಬ್ರ, ಇಲ್ಲಿ ನಮ್ಮ ಮಶೀನಿಗೂ ಕುಂಕುಮ ಐತ್ರಿ, ನಮ್ಮ ಆಫೀಸಿನ ಮಂದಿ ಹಚ್ಚಿದ್ದು. ಹಚ್ಚಿದಾಗಿಂದ ಮಶೀನು ಒಮ್ಮೆನೂ ಕೈ ಕೊಟ್ಟಿಲ್ರಿ,” ಎಂದರು.

ಮತ್ತೆ ಸ್ವಲ್ಪ ಗುಂಯ್‌ಗುಟ್ಟಿ, “ಸರಿ, ವಿಶೇಷ ಪ್ರಕರಣ ಅಂತ ಮಾಡಿಕೊಡ್ತೀವಿ,” ಎಂಬ ಮಾತು ಬಂತು. “ಅದನ್ನೂ ಬರದು ಕೊಡ್ರಿ,” ಎಂದೆ. ಹತ್ತು ನಿಮಿಷದಲ್ಲಿ ಮೊಬೈಲಿಗೆ ಸಂದೇಶ: ತಮ್ಮ ಕೋರಿಕೆಯನ್ನು ಮಾನ್ಯ ಮಾಡಲಾಗಿದೆ. ಅದರ ಪ್ರಿಂಟು ತೆಗೆಸಿ ಲ್ಯಾಮಿನೇಶನ್ ಮಾಡಿಸಿದ್ದೇನೆ. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ತೋರಿಸುತ್ತೇನೆ.

ಆ ದಿನವೇ ಮೂರೂವರೆಗೆ ಸೈಫನ್‌ಸಾಬರು ಹಳೆಯ ರಿಪೇರಿ ಪೆಟ್ಟಿಗೆ ಹಿಡಿದು ತಾವೇ ಬಂದರು. ಕಸ್ತೂರಿ ಅಟ್ಟ ಹತ್ತಿ ಕರಿ ಫೋನು ಇಳಿಸಿದಳು. ಅದರ ಬೆನ್ನಿಗೇ ಗೋಣಿತಾಟು ಸುತ್ತಿದ ಆ ದುಂಡಗಿನದನ್ನೂ ಇಳಿಸಿದಳು. “ಧೂಳು ಹಿಡದೈತಿ, ಒರಸ್ತೇನಿ,” ಎಂದಳು. ನನ್ನ ಗಮನವೆಲ್ಲ ತೂತಿನ ಮೇಲಿತ್ತು. ಪಿನ್ನು ಟಕ್ಕೆಂದು ಕೂತಿತು. ಡಯಲ್ ಟೋನಿನ ಸ್ವರ ಬಂತು! ಅವ್ವನ ಕಿವಿಗಿಟ್ಟೆವು, ಅವ್ವ, “ಹೂಂ, ಜೀವ ಐತಿ,” ಎಂದಳು. ನಾನು ನಾಲತವಾಡದ ನಂಬರು ಒತ್ತಿದೆ. ಒಳಗೆ ಟಕ್‌ಟಕ್‌ಟಕ್ ಎಂದು ಏನೋ ಎಣಿಸಿದಂತಾಯಿತು. ಮೊದಲಿನ ಸ್ವರವೇ ಮುಂದುವರಿಯಿತು. ಮತ್ತೆ ಒತ್ತಿದೆ. ಮತ್ತೆ ಟಕ್‌ಟಕ್. ಮೇಲಿನ ಸಾಹೇಬರು ಸೈಫನ್‌ಸಾಬರ ಮೊಬೈಲಿನಲ್ಲಿ ಕಾಯುತ್ತಲೇ ಇದ್ದರು. “ನೋಡಿದ್ರಾ? ಹಳೇ ಉಪಕರಣ ಹೊಂದಲ್ಲ ಅಂತ ಇದಕ್ಕೇ ಹೇಳೋದು,” ಎಂದರು. ಗೋಡೆಯ ಮೇಲಿನ ಗಡಿಯಾರ ನಾಲ್ಕಕ್ಕೆ ಹತ್ತಿರವಾಗುತ್ತಿತ್ತು. ಇಸ್ತ್ರಿ ಅಂಗಿಯೊಳಗೆ ನಾನು ಬೆವತುಹೋದೆ.

ಸೈಫನ್‌ಸಾಬರು ಫೋನನ್ನು ಬೋರಲು ಹಾಕಿದರು. ಕೆಳಗೆ, ಅಪ್ಪ ಅಂಟಿಸಿದ ದೇವರ ಚೀಟಿಯ ಪಕ್ಕ, ಅಕ್ಕಿಕಾಳಿನಷ್ಟು ಗುಂಡಿಯೊಂದಿತ್ತು. “ಇದು ಹಳೇ ಎಕ್ಸ್‌ಚೇಂಜಿನ ಪದ್ಧತಿ ಮ್ಯಾಲ ಐತ್ರಿ ಸರ. ಆವಾಗ ನಂಬರು ಟಕ್ ಟಕ್ ಅಂತ ಹೋಗತಿದ್ವು. ಈಗಿನವು ಕುಂಯ್ ಕುಂಯ್ ಅಂತ ಹೋಗಬೇಕು,” ಎಂದು ಉಗುರಿನಿಂದ ಅದನ್ನು ಆಚೆ ಸರಿಸಿದರು. “ಇನ್ನ ಒತ್ರಿ.” ಒತ್ತಿದೆ. ಕುಂಯ್ ಎಂದಿತು, ಕುಂಯ್ ಕುಂಯ್ ಎಂದಿತು, ಮತ್ತು ನಾಲತವಾಡದಲ್ಲಿ ರಿಂಗಾಗತೊಡಗಿತು. ನಾಲ್ಕು ಹೊಡೆದಿತ್ತು. ರಿಸೀವರನ್ನು ಅವ್ವನ ಕಿವಿಗಿಟ್ಟೆ.

“ಯಾರು?” ಎಂದದ್ದು ಪಕ್ಕದಲ್ಲಿ ನಿಂತ ನಮಗೂ ಕೇಳಿಸಿತು, ಆ ಫೋನಿನ ದನಿಯೇ ಹಾಗೆ.

“ನಾನ.”

“ಈಗ ನೆನಪಾತೇನ ಅಕ್ಕಾ?”

“ನೆನಪ ಹಾರಿತ್ತೇನ ನಂದು? ಗುಬ್ಬಿ ಕಾಟ ಮಾರಾಯ್ತಿ, ಭಾಳ ಗುಬ್ಬಿ ಕಾಟ. ಏ, ನೀ ಕೊಟ್ಟ ಸೀರಿ ಉಟ್ಕೊಂಡು ಕುಂತೇನಿ ನೋಡು. ಎಂಟು ದಿನ ಆತು ಇದನ್ನ ಉಡಾಕತ್ತು.”

ಆ ಕಡೆಯಿಂದ ಚಿಗವ್ವ ಮೂಗು ಏರಿಸುವ ಸದ್ದು ಬಂತು. ಆಮೇಲೆ, “ಏನ ಪಲ್ಯಾ ಮಾಡಿದ್ದಿ?” ಎಂದು ಕೇಳಿದಳು. ಸೈಫನ್‌ಸಾಬರು ಸ್ಕ್ರೂಡ್ರೈವರನ್ನು ಪೆಟ್ಟಿಗೆಯಲ್ಲಿ ಇಡುವ ನೆಪದಲ್ಲಿ ಅತ್ತ ತಿರುಗಿದರು. ನನ್ನ ಕಣ್ಣು ತುಂಬಿದ್ದನ್ನು ನಾನು ಮುಚ್ಚಿಡುವುದಿಲ್ಲ. ಬದುಕಿನಲ್ಲಿ ಅಷ್ಟು ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ. ಆ ದಿನ ಅವರು ಒಂದೂವರೆ ಗಂಟೆ ಮಾತಾಡಿದರು. ಶುಕ್ರವಾರ ಚಿಗವ್ವ ಇಂಡಿಗೆ ಬಂದು ನಾಲ್ಕು ದಿನ ಇದ್ದಳು. ಇಬ್ಬರೂ ಎದುರುಬದುರು ಕೂತು, ಮಾತೆಲ್ಲ ಫೋನಿನಲ್ಲಿ ಮುಗಿದುಹೋಗಿದ್ದರಿಂದ, ಸುಮ್ಮನೆ ಜೋಳ ಹಸನು ಮಾಡಿದರು.

ಕಥೆ ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ನಿಲ್ಲಿಸಲಿಲ್ಲ. ಗೆದ್ದ ದಿನವೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಊಟಕ್ಕೆ ಕೂತು ಒಂದು ಭಾಷಣ ಮಾಡಿದೆ. “ತಂತಿ ಅವರದ ಇರಲಿ, ಡಬ್ಬಿ ಅವರದ ಇರಲಿ. ಅದಕ್ಕ ಯಾವ ಸಾಮಾನು ಹಚ್ಚಬೇಕು ಅನ್ನೂದು ಉಪಯೋಗ ಮಾಡೂ ಮನಷ್ಯಾನ ಹಕ್ಕು. ನಮ್ಮದಾ ಹಚ್ರಿ, ನಿಮ್ಮದು ಮ್ಯಾಲ ಇಡ್ರಿ ಅನ್ನಾಕ ಅವರ್‍ಯಾರು?” ಒಳಗಿನಿಂದ ಕಸ್ತೂರಿ ಬಂದು ಎದುರಿಗೆ ನಿಂತಳು. ಕೈಯಲ್ಲಿ ತವರಿನ ಹಂಚು. ಬೂದಿ ಹಾಕಿ ತಿಕ್ಕಿ, ಎಣ್ಣೆ ಸವರಿ ಥಳಥಳ ಮಾಡಿದ್ದಳು.

“ಒಲಿ ನಿಮ್ಮದು, ಜ್ವಾಳ ನಿಮ್ಮದು. ಹಂಚು ನಂದು. ಹಚ್ಚಲೇನ್ರಿ?” ಎಂದಳು.

ಈಗ ಆ ಬೇರೆ ಕಥೆ ಹೇಳದೆ ಗತಿಯಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅವಳು ಈ ಮನೆಗೆ ಬಂದಾಗ, ಬಾಗೇವಾಡಿಯ ಆ ಹಂಚನ್ನು ಒಲೆಯ ಮೇಲೆ ಇಡಹೋದಳು. ನಮ್ಮಜ್ಜಿಯ ಹಂಚು ಇರುವಾಗ ಈ ಮನೆಯಲ್ಲಿ ಬೇರೆ ಹಂಚು ನಡೆಯುವುದಿಲ್ಲ ಎಂದವನು ನಾನು. ಅಜ್ಜಿಯ ಹಂಚು ನಡುವೆ ತಗ್ಗು ಬಿದ್ದು, ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಿರುತ್ತಿತ್ತು. ಅದೇ ನಮ್ಮ ಮನೆತನದ ರುಚಿ ಎಂದು ಹೇಳಿಕೊಂಡು ಬಂದಿದ್ದೆ. ಈಗಲೂ ಬಾಯಿ ತೆರೆದು, “ಹಂಗಲ್ಲ, ನಮ್ಮ ಮನೆತನದ ಪದ್ಧತಿ...” ಎಂದೆ.

ಅವಳು ನನ್ನ ಕಡತದಿಂದ ಒಂದು ಬಿಳಿ ಹಾಳೆ ತೆಗೆದು, ಅಂಗಿಯ ಜೇಬಿನಿಂದ ಪೆನ್ನು ಕಿತ್ತು, ತಾಟಿನ ಪಕ್ಕ ಇಟ್ಟಳು. “ಆಗೂದಿಲ್ಲ ಅನ್ರಿ, ನಾ ಒಪ್ಪತೇನಿ. ಅಷ್ಟು ಬರದು ಕೊಡ್ರಿ. ಕೆಳಗ ಸಹಿ, ತಾರೀಖು. ಶಿಕ್ಕಾ ಇಲ್ಲದಿದ್ರೂ ನಡೀತೈತಿ.”

ಪೆನ್ನು ಹಿಡಿದೆ. ವಿಷಯ ಎಂದು ಬರೆದು ಎರಡು ಚುಕ್ಕಿ ಇಟ್ಟೆ. ಮುಂದಿನ ಅಕ್ಷರ ಬರಲಿಲ್ಲ. ದೇಸಾಯರು ಹೇಳಿದ್ದು ಖರೆ, ಕೈ ನಡುಗಿತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು, ಎಂದಿಗಿಂತ ಸ್ವಲ್ಪ ಜೋರಾಗಿಯೇ. ಸ್ವಲ್ಪ ಹೊತ್ತಿಗೆ ಎರಡು ರೊಟ್ಟಿ ಬಂದವು, ತೆಳ್ಳಗೆ, ಅಂಚಿನವರೆಗೂ ಉಬ್ಬಿ. ಒಂದು ಅವ್ವನ ತಾಟಿಗೆ, ಒಂದು ನನ್ನ ತಾಟಿಗೆ. ಅವ್ವ ಮುರಿದು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿದಳು.

“ಏನ ಚಂದ ಬೆಂದೈತೆ ಕಸ್ತೂರಿ! ಇಂಥಾ ಹಂಚು ಇಷ್ಟು ವರ್ಷ ಎಲ್ಲಿಟ್ಟಿದ್ದಿ?”

“ಅಟ್ಟದ ಮ್ಯಾಲ ಇತ್ರಿ ಅತ್ತಿಯರ,” ಎಂದಳು ಕಸ್ತೂರಿ, ಅವ್ವನಿಗೂ ಓಣಿಗೂ ಕೇಳುವಂತೆ. “ಮ್ಯಾಲಿನವ್ರು ಮುಚ್ಚಿದ್ರು.”

ನಾನು ಹಾಳೆಯನ್ನು ನಾಲ್ಕಾಗಿ ಮಡಚಿ ಕುಂಡಿಯ ಕೆಳಗೆ ಹಾಕಿಕೊಂಡು, ಎರಡನೆಯ ರೊಟ್ಟಿಗೆ ಸುಮ್ಮನೆ ತಾಟು ಮುಂದೆ ಮಾಡಿದೆ.